ದರ ಒಂದು ರೂಪಾಯಿ

ರಾತ್ರಿ ಹನ್ನೊಂದೂವರಿಗೆ ಯಾರೋ ಒಬ್ಬಾಂವ
ನಮ್ಮ ಅಂಗಡಿಯಾಗ ನಲವತ್ತು ಚಾದರ ಕೊಂಡ.
ದರ: ಒಂದು ರೂಪಾಯಿ.
ಒಟ್ಟು: ನಲವತ್ತು.
ಬಿಲ್ಲು ಬರೋಬ್ಬರಿ ಇತ್ತು, ಗುಣಾಕಾರದಾಗ ತಪ್ಪಿರಲಿಲ್ಲ.

ಮುಂಜಾನೆ ಬಿರಾಜದಾರ ಸಾವಕಾರ್ರು ಕಾಗದ ಹಿಡಕೊಂಡು ನಿಂತಿದ್ರು.
ಬೈಲಿಲ್ಲ. ಹಿಂದ ಮಗ್ಗದ ಸಪ್ಪಳ.
ಗಂಟು ಇನ್ನಾ ಕಟ್ಟಿರಲಿಲ್ಲ, ಪುಣ್ಯಾ.
"ಮಿಶನ್ನಿಗೆ ಹುಚ್ಚ ಹಿಡದದೇನವಾ?" ಅಂದ್ರು.
ಮಿಶನ್ನಿಗೆ ಅಲ್ಲರೀ. ಬರದಾಕಿ ನಾನು.

ಸೋಲಾಪುರದಾಗ ನಮ್ಮ ಅಂಗಡಿ ಬೋರ್ಡು ಮರಾಠಿ,
ವಹಿ ಕನ್ನಡ, ಮಗ್ಗದ ಮುಂದಿನ ಮಾತು ತೆಲುಗು.
'ದರ' ಅಂದ್ರ ಮೂರೂ ಮಂದಿಗೆ ತಿಳೀತದ.
ಅದನ್ನ ಆರಿಸಿದ್ದೆ, ಶಾಣ್ಯಾಕಿ.
ಕಳ್ಳಗೂ ಊಹಿಸಾಕ ಹಗೂರ ಆತು.

ಮೊದಲನೇ ಸಾಲಿನ್ಯಾಗ ಬರದಿದ್ದೆ: ದರ ಆರನೂರಾ ನಲವತ್ತು.
ಎರಡನೇ ಸಾಲಿನ್ಯಾಗ: ಹೊರಗಿಂದ ಬಂದದ್ದೆಲ್ಲಾ
ತನ್ನ ತನ್ನ ಹೆಸರ್ಲೆ ಒಳಗ ಬಂದು ಕೂಡಲಿ.
ಕೆಲಸ ಲಗೂನ ಆಗ್ತದಂತ.
ಬಣ್ಣ ಬಂತು, ಕೂತಿತು. ಎಷ್ಟು ಬೇಕು ಬಂತು, ಕೂತಿತು.
ಪಿನ್‌ಕೋಡ್ ಬಂತು.
ಆ ಮನಿಷಾ ಕೊಂಡಿಯ ಬಾಲಕ್ಕ
ತಾನಾಗಿ ಒಂದು ಶಬ್ದ ಗಂಟ ಹಾಕಿ ಕಳಿಸಿದ್ದ: ದರ=1
ಅದೂ ಬಂತು. ನನ್ನ ದರ ಕೂತ ಕುರ್ಚಿ ಮ್ಯಾಲೇ ಕೂತಿತು.
ಕುರ್ಚಿ ಅದ, ಹೆಸರು ಅದ.
ಕೆಳಗಿನ ಸಾಲುಗೋಳು ಕತ್ತ ಎತ್ತಿ ನೋಡಲಿಲ್ಲ.
ಅವಕ್ಕ ಹೆಸರಷ್ಟ ಗೊತ್ತು, ಮಾರಿ ಗೊತ್ತಿಲ್ಲ.

ಊಟಕ್ಕ ಮನಿಗೆ ಹೋಗಿ ಅಜ್ಜಿ ಮುಂದ ಹೇಳಿದೆ.
ಮೂವತ್ತೆಂಟು ವರ್ಷ ಬೀಡಿ ಸುತ್ತಿದ ಬೆರಳು
ಖಾಲಿ ಕೂತಾಗೂ ಸೆರಗಿನ ಚುಂಗು ಸುತ್ತತಾವ.
ನಕ್ಕಳು ಬಾಳವ್ವ, ಹಲ್ಲಿಲ್ಲದ ನಗಿ.
"ಕಾರಖಾನಿ ಬಾಗಲದಾಗ ನಾ ಹೇಳಿದ್ದು
ಮುನೀಮ ಒಂದ ದಿನಾನೂ ಬರಕೊಳ್ಳಲಿಲ್ಲ.
ಸಾವಿರ ತಂದೀನ್ರೀ ಅಂದ್ರ ತಾನ ಎಣಸಾಂವ,
ಕಟ್ಟು ಬಿಚ್ಚಾಂವ, ಮೂಸಾಂವ.
ತೂಕದ ಕಲ್ಲು ಅವಂದು, ವಹಿ ಅವಂದು,
ಕಿವಿ ಮ್ಯಾಲಿನ ಪೆನ್ನೂ ಅವಂದು.
ನೀ ಏನ ಮಾಡೀದಿ, ಹುಚ್ಚಿ?
ಪೆನ್ನ ಒಯ್ದು ಗಿರಾಕಿ ಕೈಯಾಗ ಕೊಟ್ಟೀದಿ."

ಹೊಳ್ಳಿ ಬಂದು ಎರಡನೇ ಸಾಲು ಅಳಸಿದೆ.
ಬಾಗಲದಾಗ ನಿಂತು ಒಂದೊಂದ ಹೆಸರು ಕರದೆ.
ಬಣ್ಣ, ಬಾ. ವಹಿಯೊಳಗಿದ್ದ ಬಣ್ಣ ಆಗಿದ್ರ.
ಎಣಿಕೆ, ಬಾ. ಅಂಕಿ ಆಗಿದ್ರ, ಸೊನ್ನಿಗಿಂತ ದೊಡ್ಡದಿದ್ರ.
ವಿಳಾಸ, ಬಾ.
ಕರೀದವರು ಅಲ್ಲೇ ಬಿಸಲಾಗ ನಿಂದರ್ರಿ.
ದರ ಇನ್ನ ಬಾಗಲದಿಂದ ಬರೂದಿಲ್ಲ;
ವಹಿಯಿಂದ ಏಳತದ, ಎಲ್ಲಾರೂ ಕೂತ ಮ್ಯಾಲೆ,
ಕಡೀಕ, ರೊಕ್ಕ ಎಣಸೂ ಹೊತ್ತಿಗೆ.

ಆಮ್ಯಾಲೆ ನಾನ ಕಳ್ಳಿ ಆದೆ.
ದರ=1 ಅಂತ ಬಡದೆ. ಆರನೂರಾ ನಲವತ್ತು.
ದರ=0. ಆರನೂರಾ ನಲವತ್ತು.
ದರ=ಬಾಳವ್ವ. ಆರನೂರಾ ನಲವತ್ತು.

ರಾತ್ರಿ ತಾಟು ತೊಳೀತಾ ಅಜ್ಜಿ, ಯಾರಿಗೋ ಹೇಳಿದಂಗ:
"ಸಾವಿರ ತಂದ್ರ ಒಂಬೈನೂರಾ ಇಪ್ಪತ್ತು ಬರಿಯಾಂವ.
ಎಂಬತ್ತು ಛಾಟ ಅನ್ನಾಂವ, ಬಾದ.
ಆ ಎಂಬತ್ತು ಹೊಳ್ಳಿ ಕೊಡತಿದ್ದಿಲ್ಲ ಮತ್ತ."

ನಿದ್ದಿ ಬರಲಿಲ್ಲ. ದಿನಕ್ಕ ಎಂಬತ್ತು, ಮೂವತ್ತೆಂಟು ವರ್ಷ,
ಅಮಾಸಿ ಸೂಟಿ ಕಳದು.
ಗುಣಾಕಾರದಾಗ ತಪ್ಪಿರಲಿಲ್ಲ.
ನನ್ನ ಭಾಷಾದಾಗ ಬಾಳವ್ವ ಹೊರಗಿಂದ ಬಂದದ್ದು,
ನಂಬಬಾರದ್ದು. ಮುನೀಮ ಒಳಗಿನಾಂವ.
ಹೊಸಲೀ ಮ್ಯಾಲೆ ಇಷ್ಟು ಕಾವಲಾ ಇಟ್ಟೆ,
ವಹಿ ಕಡೆ ಬೆನ್ನ ಮಾಡಿ.

ಮರುದಿನ ಒಂದು ಸಾಲು ಕೂಡಿಸಿದೆ:
ವಹಿಯೊಳಗ ದರ ತಿದ್ದಿದವರ ಹೆಸರು, ಹಳೇ ಅಂಕಿ, ವೇಳ್ಯಾ,
ಅಳಸಾಕ ಬಾರದಂಗ ಬರದಿಡು.
ಸಾವಕಾರ್ರು ಚಸ್ಮಾ ಹಾಕ್ಕೊಂಡು ನೋಡಿದ್ರು.
"ಇದ್ಯಾಕವಾ? ದರ ತಿದ್ದಾಂವ ನಾ ಒಬ್ಬನ ಅಲ್ಲ?"
ಅದಕ್ಕರೀ, ಅಂದೆ.